ಕೂತೇಬಿಟ್ಟ ಹಕ್ಕಿ

ನಾಟಕದ ಮೊದಲ ಗಂಟೆಗೆ ಇನ್ನು ಅರ್ಧ ತಾಸೂ ಇರಲಿಲ್ಲ. ಮೇಷ್ಟ್ರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಗುಬ್ಬಿಯ ಕುರ್ಚಿಗೆ ಕೈ ಊರಿ, "ಕೊನೇ ಹಕ್ಕಿ ಹಾರೋದು ಬೇಡ ಕಣಮ್ಮ. ರೆಕ್ಕೆ ಮಡಚಿಕೊಂಡು ತಾಯಿ ಹತ್ರಾನೇ ಉಳೀಲಿ. ನಿಮ್ಮಕ್ಕನಿಗೂ ಹೇಳಿದ್ದೀನಿ," ಎಂದರು.

"ಈಗಲಾ ಮೇಷ್ಟ್ರೇ?"

"ಮತ್ತೆ, ನಾಟಕ ಮುಗಿದ ಮೇಲಾ?"

ನಾಟಕ ಆಡಿಸುವವರು ಅವರು, ಎದುರಾಡುವಂತಿಲ್ಲ. ರಂಗದ ಹಿಂದಿನ ಪರದೆಯಲ್ಲಿ ಓಡುವ ಚಿತ್ರ ಗುಬ್ಬಿಯದು: ಒಂದು ಒಣಮರ, ಅದರ ಮೇಲೆ ಏಳು ಹಕ್ಕಿ. ಏಳೂ ಹೆಣ್ಣುಮಕ್ಕಳು. ಹಿರಿಯವಳಿಂದ ಮೊದಲ್ಗೊಂಡು ಒಬ್ಬೊಬ್ಬಳು ಹಾರಿದಂತೆ ಮರದಡಿಯ ತಾಯಿ ಒಂದೊಂದು ಮಾತು ಆಡಬೇಕು. ಆ ತಾಯಿ ಗುಬ್ಬಿಯ ಒಡಹುಟ್ಟಿದ ಅಕ್ಕ. ಹೋದ ವಾರ ಮಾತು ಮರೆತು ಕಂಬದ ಹಾಗೆ ನಿಂತುಬಿಟ್ಟಿದ್ದಳು. ಇವತ್ತೂ ಮರೆತರೆ ನಾಳೆಯಿಂದ ಪಾತ್ರ ಬೇರೆಯವಳಿಗೆ ಅಂತ ಮೇಷ್ಟ್ರು ಎಲ್ಲರೆದುರಿಗೇ ಹೇಳಿದ್ದರು. "ನೀನು ಹಾರಿಸ್ತಾ ಹೋಗೇ, ನಾನು ಆಡ್ತಾ ಹೋಗ್ತೀನಿ," ಎಂದು ಅಕ್ಕ ಬೆಳಿಗ್ಗೆ ಗುಬ್ಬಿಯ ಗಲ್ಲ ಹಿಂಡಿದ್ದಳು. ಹಿಂಡಿದ ಬೆರಳು ತಣ್ಣಗಿತ್ತು.

ಗುಬ್ಬಿ ಕಂಪ್ಯೂಟರಿನಲ್ಲಿ ಏಳನೇ ಹಕ್ಕಿಯ ಪದರ, ಅಂದರೆ ಅದರ ಲೇಯರ್, ತೆರೆದು ಒಳಹೊಕ್ಕಳು. ಹಾರಾಟವನ್ನೆಲ್ಲ ಅಳಿಸಿದಳು, ರೆಕ್ಕೆ ಮಡಚಿದಳು, ಸೇವ್ ಮಾಡಿ ಹೊರಬಂದಳು.

ಏಳಕ್ಕೇಳೂ ರೆಕ್ಕೆ ಮಡಚಿ ಕೂತಿದ್ದವು, ಗೋಂದು ಹಚ್ಚಿ ಅಂಟಿಸಿದಂತೆ.

ಅನ್‌ಡೂ ಒತ್ತಿದಳು. ಕಂಪ್ಯೂಟರಿಗೆ ಅದೇನು ಮುನಿಸೋ, ಪರದೆ ಬೆಳ್ಳಗಾಗಿ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದರೆ ಅದೇ ಏಳು, ಅದೇ ಗೋಂದು.

ಮೊದಲ ಗಂಟೆ ಹೊಡೆಯಿತು.

ಒಂದೇ ಹಕ್ಕಿ ಬರೆದು, ಅದರ ಲೇಯರನ್ನೇ ಡೂಪ್ಲಿಕೇಟ್ ಮಾಡುತ್ತ ಏಳು ಮಾಡಿಕೊಂಡಿದ್ದಳು. ಅಜ್ಜಿಯ ಕತೆಯ ರಾಕ್ಷಸ ನೆನಪಾದ. ಅವನ ಪ್ರಾಣ ಇದ್ದದ್ದು ಏಳು ಸಮುದ್ರದಾಚೆಯ ಗಿಳಿಯಲ್ಲಿ. ಅಲ್ಲಿ ಗಿಳಿಯ ರೆಕ್ಕೆ ಮುರಿದರೆ ಇಲ್ಲಿ ಇವನ ತೋಳು ಕಳಚಿ ಬೀಳುತ್ತಿತ್ತು. 'ಅಯ್ಯೋ ನನ್ನ ಬುದ್ಧಿಗಿಷ್ಟು! ಏಳು ಮೈ ಮಾಡಿದೆ, ಗಿಳಿಯನ್ನ ಒಂದೇ ಇಟ್ಟೆ.'

ಕಂಪ್ಯೂಟರಿನಲ್ಲಿ ಆ ಗಿಳಿ ಇದ್ದದ್ದು ಎಡಗಡೆಯ ಪಟ್ಟಿಯಲ್ಲಿ, ಹಕ್ಕಿಯ ಅಂಗಾಂಗವನ್ನೆಲ್ಲ ತುಂಬಿಟ್ಟ ಮೂಲ ಪೆಟ್ಟಿಗೆಯಲ್ಲಿ. ಈ ಸಲ ಅದನ್ನೇ ಡೂಪ್ಲಿಕೇಟ್ ಮಾಡಿದಳು. ಮೂಲಕ್ಕೆ ಹಾರಾಟ ಮತ್ತೆ ಕೊಟ್ಟಳು, ನಕಲನ್ನು ಕೂತಂತೆಯೇ ಬಿಟ್ಟಳು. ಲೇಯರ್‌ಗಳ ಸಾಲಿನಲ್ಲಿ ಕೆಳಗಿನ ಕಟ್ಟಕಡೆಯದಕ್ಕೆ ಕೂತ ಹಕ್ಕಿಯನ್ನು ತುಂಬಿದಳು. ಸಿದ್ಧ ಚಿತ್ರ ಹೊರತೆಗೆಯುವ ರೆಂಡರ್ ಬಸವನಹುಳುವಿನಂತೆ ತೆವಳಿತು. ಮೂರನೇ ಗಂಟೆಯ ಜೊತೆಗೇ ಮುಗಿಯಿತು. ನೋಡಲು ಪುರಸೊತ್ತಿಲ್ಲ. ದೀಪ ಆರಿತು, ಚಿತ್ರ ಪರದೆಗೆ ಹೋಯಿತು.

ಆಗ ಅವಳ ಕಣ್ಣು ಲೇಯರ್‌ಗಳ ಸಾಲಿನ ಮೇಲೆ ಬಿತ್ತು. ಡೂಪ್ಲಿಕೇಟ್ ಮಾಡಿದ್ದು ಯಾವಾಗಲೂ ಮೂಲದ ತಲೆಯ ಮೇಲೇ ಕೂರುತ್ತದೆ. ಎಲ್ಲಕ್ಕಿಂತ ಕೆಳಗಿನದು ಮೊದಲು ಬರೆದದ್ದು, ಕೊನೆಯವಳಲ್ಲ.

ಹಿರಿಯವಳು.

ಕೆಳಗೆ ರಂಗದ ಮೇಲೆ ಅಕ್ಕ ಮರದತ್ತ ಮುಖ ಎತ್ತಿ ನಿಂತಿದ್ದಳು. "ಹಿರಿಯವಳು ಹೋದಳು" ಅನ್ನಬೇಕು. ಹಿರಿಯವಳು ಹೋಗಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ಅಕ್ಕನ ಕೈ ಸೆರಗಿನ ತುದಿಯನ್ನು ಸುತ್ತತೊಡಗಿತು, ಹೋದ ವಾರ ಸುತ್ತಿದ ಹಾಗೆಯೇ. ಹಾರೇ ತಾಯಿ, ಹಾರೇ, ಎಂದು ಗುಬ್ಬಿ ಪರದೆಗೆ ಕೈಮುಗಿದಳು.

ಸೆರಗು ಸುತ್ತುವ ಕೈ ನಿಂತಿತು.

"ಏನೇ?" ಅಕ್ಕನ ದನಿ ಮೆತ್ತಗೆ ಎದ್ದಿತು. "ಹಿರಿಯವಳಾಗಿ ನೀನೇ ಕೂತುಬಿಟ್ಯಲ್ಲೇ? ಕಾಲು ನೋಯ್ತಾ? ಇಲ್ಲಾ ಈ ಮುದುಕಿ ಒಬ್ಬಳೇ ಆಗ್ತಾಳೆ ಅಂತಾನಾ?"

ಎರಡನೆಯ ಹಕ್ಕಿ ಪುರ್ರೆಂದು ಹಾರಿತು.

"ನೋಡು, ನಿನ್ನ ಬೆನ್ನಿಗೆ ಬಿದ್ದವಳು ಹೋದಳು. ತಿರುಗಿಯೂ ನೋಡಲಿಲ್ಲ."

ಸಭೆ ನಕ್ಕಿತು. ಆಮೇಲೆ ಒಂದೊಂದು ಹಕ್ಕಿ ಹಾರಿದಾಗಲೂ ಅಕ್ಕ ಮಾತನ್ನು ಆ ಕೂತವಳಿಗೇ ಹೇಳಿದಳು. ಒಂದೂ ಮರೆಯಲಿಲ್ಲ. ಕೊನೆಯವಳೂ ಹೋದಮೇಲೆ ಅಕ್ಕ ಮರಕ್ಕೆ ಬೆನ್ನು ಮಾಡಿ ಕೂತಳು. ಸಭೆಯ ನಗು ನಿಂತಿತು.

ತೆರೆ ಬಿದ್ದಮೇಲೆ ಗುಬ್ಬಿ ಮೆಟ್ಟಿಲು ಇಳಿದು ಬಂದು ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತಳು. ಪಕ್ಕದಲ್ಲಿ ಅಕ್ಕ ಬಣ್ಣ ಒರೆಸಿಕೊಳ್ಳುತ್ತಿದ್ದಳು.

"ಕೊನೆಯವಳು ಅಂದಿದ್ದೆ," ಎಂದರು ಮೇಷ್ಟ್ರು.

"ಹೌದು ಮೇಷ್ಟ್ರೇ. ಸಾಲು ತಲೆಕೆಳಗಾಗಿ ಎಣಿಸಿಬಿಟ್ಟೆ."

ಮೇಷ್ಟ್ರು ಅಕ್ಕನತ್ತ ನೋಡಿದರು. "ನಾಳೆಯೂ ಹಿರಿಯವಳೇ ಕೂತಿರಲಿ. ನೀನೂ ಇವತ್ತು ಆಡಿದ್ದನ್ನೇ ಆಡು. ಮರೆತೀಯ, ಮತ್ತೆ!"

"ಕೇಳಿಸ್ತೇನೇ?" ಅಕ್ಕ ಬಣ್ಣದ ಕೈಯಲ್ಲೇ ತಂಗಿಯ ಕಿವಿ ಹಿಂಡಿದಳು. "ಇನ್ನು ಆ ಹಕ್ಕಿ ತಂಟೆಗೆ ಹೋದರೆ ನೋಡು."

ಬೆರಳು ಬೆಚ್ಚಗಿತ್ತು.