ಮಾಯಾ ಟೀಚರ್ ಕೈಗೆ ಬಂದ ಜೋಮು

ಮಾಯಾ ಧಾರವಾಡದ ಒಂದು ಶಾಲೆಯಲ್ಲಿ ಗಣಿತ ಟೀಚರ್. ಅವಳಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಬಂದದ್ದು. ನಡಿಗೆ ವಾಲುತ್ತಿತ್ತು, ಕುತ್ತಿಗೆ ತಾನಾಗಿಯೇ ಒಂದು ಕಡೆ ತಿರುಚಿಕೊಳ್ಳುತ್ತಿತ್ತು. ಆದರೂ ಓದಿದಳು, ನೌಕರಿ ಹಿಡಿದಳು, ದಿನವೂ ಬಸ್ಸಿನಲ್ಲಿ ಓಡಾಡಿದಳು.

ಹೋದ ವರ್ಷದ ಮಳೆಗಾಲದಲ್ಲಿ ಅವಳ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಸೀರೆಯ ನೆರಿಗೆ ಹಿಡಿಯಲು ತಾಯಿ ಸಾವಂತ್ರೆವ್ವನನ್ನು ಕರೆಯಬೇಕಾಯಿತು. ಒಮ್ಮೆ ತರಗತಿಯಲ್ಲೇ ಬಿದ್ದಳು. ಆ ಸಂಜೆ ಮನೆಗೆ ಬಂದವಳು ನೌಕರಿ ಬಿಡುವ ಮಾತಾಡಿದಳು.

ಹುಟ್ಟಿನಿಂದ ಬಂದದ್ದು ವಯಸ್ಸಿನ ಜೊತೆ ಹೆಚ್ಚುತ್ತಿದೆ, ಚಿಕ್ಕವಳಿದ್ದಾಗಲೇ ಎಲ್ಲ ದವಾಖಾನೆ ಸುತ್ತಿಯಾಗಿದೆ ಎಂದಳು ಸಾವಂತ್ರೆವ್ವ. ಮಾಯಾಳಿಗೂ ಹಾಗೆಯೇ ಅನ್ನಿಸಿತ್ತು.

ಸುದ್ದಿ ತಿಳಿದು ಗೆಳತಿ ಚಿನ್ಮಯೀ ಬಂದಳು. ಅವಳು ಫಿಸಿಯೋಥೆರಪಿಸ್ಟ್. ತನ್ನ ಕೈಯನ್ನು ಬಿಗಿಯಾಗಿ ಹಿಡಿಯಲು ಮಾಯಾಳಿಗೆ ಹೇಳಿದಳು. ಹಿಡಿತ ಸಡಿಲವಾಗಿತ್ತು. ಮೂತ್ರ ತಡೆಯಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಆಗುತ್ತಿಲ್ಲ ಎಂದಳು ಮಾಯಾ. ಅದನ್ನು ಅವಳು ತಾಯಿಗೂ ಹೇಳಿರಲಿಲ್ಲ.

"ಮಾವಶಿ, ಮೆದುಳಿನ ಹಳೇ ಪೆಟ್ಟು ಬೆಳಿಯೂದಿಲ್ರಿ. ಅದು ಇದ್ದಷ್ಟ ಇರ್ತದ. ಹೊಸಾ ತೊಂದ್ರಿ ಬಂದದ ಅಂದ್ರ ಬ್ಯಾರೆ ಕಾರಣ ಇರಬೇಕು," ಎಂದಳು ಚಿನ್ಮಯೀ, ಸಾವಂತ್ರೆವ್ವನಿಗೆ.

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕ ಬಂತವ್ವಾ?" ಎಂದಳು ಸಾವಂತ್ರೆವ್ವ.

"ಕುತ್ತಿಗಿ ತಿರುಚಿ ತಿರುಚಿ ಅಲ್ಲಿ ಎಲುಬು ಸವದಿರಬಹುದು, ಕೈಕಾಲಿಗೆ, ಮೂತ್ರಕ್ಕ ಹೋಗೂ ನರದ ಮ್ಯಾಲೆ ಒತ್ತಡ ಬಿದ್ದಿರಬಹುದು. ಡಾಕ್ಟರು ನೋಡೇ ಹೇಳಬೇಕು. ಆದ್ರ ತಡಾ ಮಾಡಬ್ಯಾಡ್ರಿ. ಹೋದ ಶಕ್ತಿ ಆಮ್ಯಾಲೆ ತಿರುಗಿ ಬರೂದು ಕಷ್ಟ."

ಸಾವಂತ್ರೆವ್ವ ಮಗಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ಹಂಗಾರ ನಾಳೆನ ಹೋಗೂಣು," ಎಂದಳು.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದಾಗ ಚಿನ್ಮಯೀಯ ಅನುಮಾನ ನಿಜವಾಯಿತು. ಕುತ್ತಿಗೆಗೆ ಆಪರೇಷನ್ ಬೇಕು ಎಂದಾಗ ಮಾಯಾ ಹೆದರಿದಳು. ಡಾಕ್ಟರು ಲಾಭವನ್ನೂ ಅಪಾಯವನ್ನೂ ಬಿಡಿಸಿ ಹೇಳಿದ ಮೇಲೆ ಒಪ್ಪಿದಳು. ಆಪರೇಷನ್ ಆದ ನಂತರ ಕೆಲವು ತಿಂಗಳು ಚಿನ್ಮಯೀ ವ್ಯಾಯಾಮ ಮಾಡಿಸಿದಳು. ಕೈಯ ಬಲ ಪೂರ್ತಿ ಅಲ್ಲದಿದ್ದರೂ ಬಹುಪಾಲು ಮರಳಿತು. ನಡಿಗೆ ಮೊದಲಿನಂತೆಯೇ ವಾಲುತ್ತದೆ, ಅದಕ್ಕೆ ಅವಳ ತಕರಾರಿಲ್ಲ. ಈ ಜೂನಿನಲ್ಲಿ ಶಾಲೆ ಶುರುವಾದಾಗ ಹತ್ತನೇ ತರಗತಿಯನ್ನು ತಾನೇ ಕೇಳಿ ತೆಗೆದುಕೊಂಡಳು.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರಿದ್ದಾರೆಯೇ? ಅವರಿಗೆ ಹೊಸದಾಗಿ ಜೋಮು, ನೋವು, ಬೀಳುವುದು, ಉಣ್ಣುವಾಗ ಕೆಮ್ಮು, ಫಿಟ್ಸ್ ಏನೇ ಕಂಡರೂ "ಅವರು ಮೊದಲಿನಿಂದ ಹಾಗೇ" ಎಂದು ಬಿಡಬೇಡಿ. ಅವರನ್ನೇ ಕೇಳಿ. ಮಾತು ಬಾರದವರಾದರೆ ಅವರ ಮುಖ ನೋಡಿ, ಊಟ ನಿದ್ದೆ ಗಮನಿಸಿ. ಬೇಗ ಡಾಕ್ಟರಿಗೆ ತೋರಿಸಿ. ಹುಟ್ಟಿನಿಂದ ಬಂದದ್ದು ಹೋಗದಿರಬಹುದು, ಹೊಸದಾಗಿ ಬಂದದ್ದಕ್ಕೆ ಮದ್ದಿರಬಹುದು.