ಹೊರಗಿನಿಂದ ಬೀಗ

ಗಂಡ ಹೊರಗಿನಿಂದ ಬೀಗ ಹಾಕಿ, ಒಂದು ಸಲ ಜಗ್ಗಿ ನೋಡಿ, ಬಾಗಿಲ ಪಕ್ಕದ ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದ. "ಬರ್ಲಾ?"

"ಹೂಂ, ಹೋಗಿ ಬನ್ನಿ," ಎಂದಳು ಅವಳು ಒಳಗಿನಿಂದ, ಅಷ್ಟೇ ಸಣ್ಣ ದನಿಯಲ್ಲಿ. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಇನ್ನು ಸಂಜೆಯವರೆಗೆ ಲೋಕದ ಲೆಕ್ಕದಲ್ಲಿ ಈ ಮನೆಯಲ್ಲಿ ಯಾರೂ ಇಲ್ಲ.

ಉಪಾಯ ಅವಳದೇ. ಆಫೀಸು ಬಿಟ್ಟು ಮನೆಯಲ್ಲೇ ಕೂತು ಬರೆದು ಬದುಕುತ್ತೇನೆ ಎಂದು ಹೊರಟಾಗ ಅವಳಿಗಿದ್ದ ಭಯ, ಬರೆಯಲು ಏನೂ ತೋಚದೆ ಹೋದರೆ ಎಂಬುದು. ತೋಚುವುದೇನೋ ತೋಚಿತು, ಸಿಗದೆ ಹೋದದ್ದು ಹೊತ್ತು. ಕಟ್ಟಡದಲ್ಲಿ ಸುದ್ದಿ ಹಬ್ಬಿದ್ದೇ ತಡ, ಕೆಳಗಿನ ಮನೆಯಾಕೆ ತನ್ನ ಪಾರ್ಸೆಲ್ಲುಗಳಿಗೆಲ್ಲ ಇವಳ ಮನೆಯ ನಂಬರ್ ಕೊಟ್ಟಳು. ಎದುರು ಮನೆಯವರು ಬೀಗದ ಕೈ ಕೊಟ್ಟು ಹೋದರು. ನಲ್ಲಿ ರಿಪೇರಿಯವನು ಬಂದಾಗ ತೆಗೆದು, ಅವನು ಮುಗಿಸುವ ತನಕ ನಿಂತು ನೋಡಿಕೊಳ್ಳಬೇಕಂತೆ. ಮೇಲಿನ ಮನೆಯ ಅಜ್ಜಿಗೆ ಫೋನಿನಲ್ಲಿ ಮೊಮ್ಮಗಳ ಮುಖ ಕಾಣಿಸಬೇಕು. ಎಲ್ಲರದೂ ಒಂದೇ ಪಲ್ಲವಿ: "ಹೇಗೂ ಮನೇಲೇ ಇರ್ತೀರಲ್ಲ!" ಬರೆಯುವುದೂ ಕೆಲಸವೇ ಎಂದು ಹೇಳಲು ಹೋದರೆ, "ಅಯ್ಯೋ ಬರೀರಿ ಬರೀರಿ, ನಾನೇನ್ ಬೇಡ ಅಂದ್ನಾ?" ಎನ್ನುತ್ತ ಕುರ್ಚಿ ಎಳೆದುಕೊಂಡು ಕೂತೇ ಬಿಡುತ್ತಿದ್ದರು. ಒಂದು ದಿನ ತಲೆಕೆಟ್ಟು ಗಂಡನಿಗೆ ಹೇಳಿದಳು, "ನಾಳೆಯಿಂದ ನನ್ನನ್ನ ಒಳಗೆ ಬಿಟ್ಟು ಬೀಗ ಜಡ್ಕೊಂಡು ಹೋಗಿ." ಅವನು ಮೊದಲು ನಕ್ಕ, ಆಮೇಲೆ ಬೀಗ ಹುಡುಕಿದ. ಮತ್ತೆ ಕೆಲಸಕ್ಕೆ ಸೇರಿದಳೆಂದು ಕಟ್ಟಡದವರು ತಾವೇ ತಿಳಿದುಕೊಂಡರು, ಅವಳೂ ಅಲ್ಲವೆನ್ನಲಿಲ್ಲ.

ಅಪ್ಪನಿಗಂತೂ ಅವಳು ಆಫೀಸು ಬಿಟ್ಟ ವಿಷಯವನ್ನೇ ಹೇಳಿರಲಿಲ್ಲ. ಅಪ್ಪ ಟೈಲರ್. ಕಣ್ಣು ಮಂಜಾಗುವವರೆಗೂ ಬಾಗಿಲಗಲದ ಅಂಗಡಿಯಲ್ಲಿ ಕೂತು ಮೆಷಿನ್ ತುಳಿದವನು. "ಗಿರಾಕಿ ದಾರಿ ಕಾಯೋ ಬದುಕು ನನಗೇ ಕೊನೆಯಾಗ್ಲಿ" ಎಂದು ಮಗಳನ್ನು ಓದಿಸಿದವನು. ಅವಳಿಗೆ ಆಫೀಸಿನಲ್ಲಿ ಮೇಜು ಕುರ್ಚಿ ಸಿಕ್ಕ ದಿನ ಬೀದಿಗೆಲ್ಲ ಕೇಳುವ ಹಾಗೆ ಹೇಳಿಕೊಂಡು ತಿರುಗಿದ್ದ. ಅಂಥವನ ಮುಂದೆ ನಿಂತು, ಆ ಕುರ್ಚಿ ಬಿಟ್ಟು ಬಂದೆ ಎನ್ನುವುದು ಹೇಗೆ? ಬರೆದದ್ದು ನಾಲ್ಕು ಕಡೆ ಅಚ್ಚಾಗಲಿ, ಆಮೇಲೆ ಹೇಳಿದರಾಯಿತು ಎಂದು ಮುಂದೂಡಿದ್ದಳು. ಹಾಗೆ ಮುಂದೂಡಿದ್ದಕ್ಕೆ ವರ್ಷ ದಾಟಿತ್ತು.

ಇವತ್ತು ಮೇಜಿನ ಮೇಲಿದ್ದುದು ಹಾಸಿಗೆ ಕಂಪನಿಯೊಂದರ ಪ್ರಚಾರದ ಬರಹ. ಒಪ್ಪಿಸಿದ್ದು ಮತ್ತೆ ವಾಪಸು ಬಂದಿತ್ತು, "ಇನ್ನೂ ಸ್ವಲ್ಪ ಮನಸ್ಸಿಗೆ ತಟ್ಟೋ ಹಾಗೆ ಬರೀರಿ" ಎಂಬ ಮಾತಿನ ಸಮೇತ. ಹಾಸಿಗೆ ಬೆನ್ನಿಗೆ ತಟ್ಟಿದರೆ ಸಾಲದೇ ಎಂದು ಅವಳಿಗೆ ರೇಗಿತು. ತಾನೇ ಇಷ್ಟಪಟ್ಟು ಬರೆದ ಲೇಖನಗಳ ಪಾಡು ಇನ್ನೂ ಕಡೆ. ವಾರಪತ್ರಿಕೆಗಳಿಗೆ ಕಳಿಸಿದ ಮೇಲೆ ಬಾವಿಗೆ ಕಲ್ಲು ಹಾಕಿದ ಹಾಗೆ, ಬಿದ್ದ ಸದ್ದೂ ಇಲ್ಲ. ಬೆಳಿಗ್ಗೆ ಏಳುವಾಗಲೇ ಮೈ ಭಾರ. ಕಂಪ್ಯೂಟರ್ ಮುಂದೆ ಕೂತರೆ ಮೊದಲ ವಾಕ್ಯ ಬರುವಷ್ಟರಲ್ಲಿ ಮಧ್ಯಾಹ್ನ. ಆಸೆಪಟ್ಟು ಹಿಡಿದ ಕೆಲಸವೂ ಇಷ್ಟು ದಣಿಸುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಿನ್ನೆ ಹಳೆಯ ಆಫೀಸಿನ ಮೇಡಂ ಫೋನ್ ಮಾಡಿದ್ದರು. "ನಿಮ್ಮ ಜಾಗ ಮತ್ತೆ ಖಾಲಿ ಆಗಿದೆ. ಬರೋದಾದ್ರೆ ನಾಳೆ ಹೇಳ್ಬಿಡಿ, ಇಲ್ದಿದ್ರೆ ಬೇರೆಯವರನ್ನ ತಗೋತೀವಿ." ಯೋಚಿಸುತ್ತೇನೆ ಎಂದಿದ್ದಳು. ಯೋಚಿಸಲು ಇನ್ನೇನೂ ಉಳಿದಿರಲಿಲ್ಲ. 'ಸೋಮವಾರದಿಂದ ಬರುತ್ತೇನೆ ಮೇಡಂ' ಎಂದು ಫೋನಿನಲ್ಲಿ ಬರೆದು ಮುಗಿಸಿದ್ದಳು. ಈ ವರ್ಷ ಬರೆದುದರಲ್ಲೆಲ್ಲ ಸಲೀಸಾಗಿ ಬಂದ ವಾಕ್ಯ ಅದೊಂದೇ. ಹಾಸಿಗೆಯ ಬರಹ ಮುಗಿಸಿ, ಆಮೇಲೆ ಮೇಡಂಗೆ ಆ ವಾಕ್ಯ ಕಳಿಸಿಬಿಡುವುದು ಎಂದುಕೊಂಡು ಟೈಪ್ ಮಾಡತೊಡಗಿದಳು.

ಆಗಲೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಂದವರು ಏದುಸಿರು ಬಿಡುತ್ತ ಬೀಗ ಮುಟ್ಟಿ ನೋಡಿದರು. ಅವಳು ಬೆರಳು ಎತ್ತಿ ಹಾಗೇ ಕೂತಳು. ಪಾರ್ಸೆಲ್ಲಿನವನಾದರೆ ಹೋಗುತ್ತಾನೆ. ಇವರು ಹೋಗಲಿಲ್ಲ, ಉಸ್ಸೆಂದು ಮೆಟ್ಟಿಲ ಮೇಲೆ ಕೂತರು. ಕೆಮ್ಮಿದರು. ಆ ಕೆಮ್ಮು ಅವಳು ಹುಟ್ಟಿದಾಗಿನಿಂದ ಕೇಳಿದ್ದು.

ಅವಸರದಲ್ಲಿ ಎದ್ದಾಗ ಕುರ್ಚಿ ಕಿರ್ರೆಂದಿತು.

"ಯಾರದು ಒಳಗೆ?" ಅಪ್ಪನ ದನಿ ಏರಿತು. ಅವಳು ಬಾಯಿ ತೆರೆಯುವ ಮೊದಲೇ ಅವನು ಕೆಳಗೆ ಬಗ್ಗಿ ಕೂಗತೊಡಗಿದ್ದ. "ಯಾರಾದ್ರೂ ಬನ್ರೀ ಇಲ್ಲಿ! ನನ್ ಮಗಳ ಮನೇಲಿ ಕಳ್ಳ ಹೊಕ್ಕಿದಾನೆ! ಬೀಗ ಹಾಕಿದ್ ಹಾಗೇ ಇದೆ, ಒಳಗೆ ಓಡಾಡ್ತಿದಾನೆ!"

ಅವಳು ಓಡಿಹೋಗಿ ಕಿಟಕಿ ತೆರೆದಳು. "ಅಪ್ಪ, ಕೂಗ್ಬೇಡ. ನಾನು."

ಅಪ್ಪ ತಿರುಗಿದ. ಹೊಸ ಕನ್ನಡಕದೊಳಗೆ ಅವನ ಕಣ್ಣುಗಳು ಇನ್ನಷ್ಟು ದೊಡ್ಡವಾಗಿ ಕಂಡವು. ಮಗಳನ್ನು ನೋಡಿದ, ಬೀಗವನ್ನು ನೋಡಿದ, ಮುಖ ಕೆಂಪಗಾಯಿತು.

"ಕೂಡಿ ಹಾಕಿದಾನಾ ನಿನ್ನ? ಅಳಿಯ ಅಳಿಯ ಅಂತ ತಲೆ ಮೇಲೆ ಕೂರಿಸ್ಕೊಂಡ್ನಲ್ಲ! ಬರ್ಲಿ ಅವ್ನು ಇವತ್ತು!"

"ಅಪ್ಪ, ನಾನೇ ಹಾಕಿಸ್ಕೊಂಡಿದ್ದು."

"ನೀನೇ? ಬುದ್ಧಿ ನೆಟ್ಟಗಿದ್ಯಾ?"

ಅಷ್ಟರಲ್ಲಿ ಕೆಳಗಿನ ಮನೆಯಾಕೆ ಪೊರಕೆ ಹಿಡಿದು ಮೇಲೆ ಬಂದಳು. ಕಳ್ಳನ ಬದಲು ಕಿಟಕಿಯಲ್ಲಿ ಇವಳ ಮುಖ ಕಂಡು ಪೊರಕೆ ಇಳಿಸಿದಳು. "ಅಯ್ಯೋ, ಇಷ್ಟು ದಿನ ಒಳಗೇ ಇದ್ರಾ? ಹೇಳ್ಬಾರ್ದಿತ್ತಾ? ನನ್ನ ಪಾರ್ಸೆಲ್ಲು ಎಷ್ಟು ಸಲ ವಾಪಸು ಹೋಯ್ತು ಗೊತ್ತಾ!" ಅಳುವಂತಾದರೂ ಇವಳು ಹಲ್ಲು ಕಿರಿದಳು. ಆಕೆ ಮುಖ ಊದಿಸಿಕೊಂಡು ಇಳಿದು ಹೋದಳು. ಅಲ್ಲಿಗೆ ಬೀಗದ ಗುಟ್ಟು ಮುಗಿಯಿತು.

"ಕನ್ನಡಕ ತಗೊಂಡೆ," ಅಪ್ಪ ಸ್ವಲ್ಪ ತಣ್ಣಗಾಗಿ ಹೇಳಿದ. "ಕನ್ನಡಕದಂಗಡಿ ನಿನ್ ಆಫೀಸಿನ್ ಹತ್ರಾನೇ ಅಲ್ವಾ, ನಿನ್ನನ್ನೂ ನೋಡ್ಕೊಂಡು ಹೋಗೋಣ ಅಂತ ಹೋದೆ. ವಾಚ್‌ಮನ್ ನಗ್ತಾನೆ ನನ್ ಮುಖ ನೋಡಿ. ಅವ್ರು ಬಿಟ್ಟು ವರ್ಷ ಆಯ್ತಲ್ಲ ಯಜಮಾನ್ರೇ, ನಿಮ್ಗೆ ಗೊತ್ತಿಲ್ವಾ ಅಂದ. ಗೊತ್ತು, ಮರೆತೆ ಅಂದೆ."

ವಾಚ್‌ಮನ್ ಮುಂದೆಯೂ ಮಗಳನ್ನು ಬಿಟ್ಟುಕೊಡದೆ ಬಂದಿದ್ದಾನೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಬರೆಯುವ ಆಸೆ, ನೆರೆಯವರ ಕಾಟ, ಹಾಸಿಗೆ ಕಂಪನಿ, ಉತ್ತರವೇ ಬರೆಯದ ಪತ್ರಿಕೆಗಳು, ಮೇಡಂ ಫೋನು.

"ಮತ್ತಿನ್ನೇನು? ಹೋಗು ಅಂತಾನೇ ಹೇಳೋದು ನಾನು," ಎಂದ ಅಪ್ಪ.

"ಹೋಗ್ತೀನಪ್ಪ. ಸಾಕಾಗಿದೆ. ಯಾರೂ ಕಾಯ್ತಾ ಇಲ್ಲ ಅಂತ ಗೊತ್ತಿದ್ದೂ ದಿನಾ ಬಂದು ಕೂತ್ಕೋಬೇಕಲ್ಲ, ಅದು ಆಗಲ್ಲ ನನ್ನಿಂದ. ನೀನಾದ್ರೆ ಅಂಗಡಿ ಬಾಗಿಲು ತೆಗೆದ್ರೆ ಸಾಕು, ಕತ್ತೆತ್ತೋಕೆ ಪುರಸೊತ್ತಿಲ್ಲದಷ್ಟು ಕೆಲಸ. ನಾನು ಸ್ಕೂಲಿಂದ ಬರೋವಾಗ ಬೀದಿ ತುದಿಗೇ ಮೆಷಿನ್ ಸದ್ದು ಕೇಳ್ತಿತ್ತು."

ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಹೊಸದು, ಒರೆಸುವಂಥದ್ದೇನೂ ಇರಲಿಲ್ಲ.

"ಅದು ಚಿಂದಿ ಕಣೇ ಪುಟ್ಟಿ," ಎಂದ.

"ಏನು?"

"ಚಿಂದಿ ಬಟ್ಟೆ. ಎಷ್ಟೋ ದಿನ ಒಂದು ಗುಂಡಿ ಹಾಕ್ಸೋಕೂ ಯಾರೂ ಬರ್ತಿರ್ಲಿಲ್ಲ. ಸುಮ್ನೆ ಕೂತ್ರೆ ಬೀದಿಯವ್ರು ನೋಡ್ತಾರೆ, ಇವ್ನ ಅಂಗಡಿ ಮುಚ್ಚೋಯ್ತು ಅಂತಾರೆ. ಅದಕ್ಕೇ ಚಿಂದಿ ಇಟ್ಕೊಂಡು ಹೊಲೀತಿದ್ದೆ. ಹೊಲಿಯೋದು, ಬಿಚ್ಚೋದು, ಮತ್ತೆ ಹೊಲಿಯೋದು. ನೀನು ಬರೋ ಹೊತ್ತಿಗಂತೂ ಜೋರಾಗೇ ತುಳೀತಿದ್ದೆ."

ನಮ್ಮಪ್ಪನಿಗೆ ಪುರಸೊತ್ತೇ ಇಲ್ಲ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡದ್ದೆಲ್ಲ ಅವಳಿಗೆ ನೆನಪಾಯಿತು.

"ಬೇಜಾರಾಗ್ತಿರ್ಲಿಲ್ವಾ ಅಪ್ಪ?"

"ಆಗ್ದೇ ಏನು? ಮೆಷಿನ್ ಎತ್ತಿ ಚರಂಡಿಗೆ ಎಸೀಬೇಕು ಅನ್ನಿಸ್ತಿತ್ತು. ಭಾರ ಜಾಸ್ತಿ, ಎತ್ತೋಕಾಗ್ತಿರ್ಲಿಲ್ಲ." ತನ್ನ ಮಾತಿಗೆ ತಾನೇ ನಕ್ಕು, ಕೆಮ್ಮಿ ಸುಧಾರಿಸಿಕೊಂಡ. "ನೀನು ಹೋಗೋದಾದ್ರೆ ಹೋಗು. ನನ್ ಮಗಳು ಆಫೀಸಲ್ಲಿದಾಳೆ ಅಂತ ಹೇಳ್ಕೊಳ್ಳೋದು ನಂಗೆ ಬಹಳ ಇಷ್ಟ, ಸುಳ್ಳು ಹೇಳಲ್ಲ. ಆದ್ರೆ ನಾನು ಮೆಟ್ಲು ಹತ್ತಿ ಬಂದಾಗ ಒಳಗೆ ಟಕಟಕ ಅಂತಿತ್ತಲ್ಲ, ಅದು ನೀನೇನಾ?"

"ಹೂಂ. ಹಾಸಿಗೆ ಬರಹ."

"ಗಿರಾಕಿ ಬಟ್ಟೆ ಅರ್ಧಕ್ಕೆ ಬಿಡಬಾರ್ದು. ಅದನ್ನ ಮುಗಿಸು ಮೊದ್ಲು."

ಅವಳು ಗೋಡೆಯ ಮೊಳೆಯಲ್ಲಿದ್ದ, ಅದೇ ಬೀಗದ ಇನ್ನೊಂದು ಕೀಲಿ ತಂದು ಸರಳುಗಳ ನಡುವಿನಿಂದ ಚಾಚಿದಳು. "ತೆಗೆದು ಒಳಗೆ ಬಾ. ಊಟ ಮಾಡು."

ಅಪ್ಪ ಕೀಲಿ ತೆಗೆದುಕೊಂಡ. ಬೀಗದ ಕಡೆ ಒಮ್ಮೆ ನೋಡಿ, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿದ. "ಬರ್ತೀನಿ ಬರ್ತೀನಿ ಆಮೇಲೆ. ಈಗ ಒಳಗೆ ಬಂದ್ರೆ ನಾನೂ ನಿನ್ ತಲೆ ತಿಂತೀನಿ," ಎಂದು ಬಾಗಿಲಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತ.

ಅವಳು ಮತ್ತೆ ಮೇಜಿಗೆ ಬಂದಳು. ಎರಡು ಸಾಲು ಕೂಡ ಆಗಿರಲಿಲ್ಲ, ಕೆಳಗಿನ ಮನೆಯಾಕೆ ಮತ್ತೆ ಹತ್ತಿ ಬಂದಳು. ಕೋಪ ಇಳಿದಿತ್ತು, ಅಥವಾ ಅಗತ್ಯ ಅದಕ್ಕಿಂತ ದೊಡ್ಡದಿತ್ತು.

"ಅಲ್ಲ ಅಂಕಲ್, ಒಂದು ಪಾರ್ಸೆಲ್ಲು ಬರೋದಿತ್ತು, ನಾನು ಹೊರಗೆ ಹೋಗ್ತಿದ್ದೀನಿ. ಅವ್ರಿಗೆ ಸ್ವಲ್ಪ ಹೇಳ್ತೀರಾ?"

"ಅವ್ಳು ಕೆಲಸದಲ್ಲಿದಾಳಮ್ಮ. ಸಂಜೆ ಸಿಗ್ತಾಳೆ."

"ಒಳಗೇ ಇದ್ದಾರಲ್ಲ!"

"ಹೌದು. ಒಳಗೇ ಕೆಲಸದಲ್ಲಿದಾಳೆ."

ಆಕೆ ಗೊಣಗುತ್ತ ಇಳಿದು ಹೋದದ್ದು ಕೇಳಿಸಿತು. ಇವಳಿಗೆ ನಗುವೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಫೋನು ಗುರುಗುಟ್ಟಿತು. ಮೇಡಂ.

"ಏನು ತೀರ್ಮಾನ ಮಾಡಿದ್ರಿ? ಬರ್ತೀರಾ?"

ಬರುತ್ತೇನೆ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅವಳು ಕಿಟಕಿಯ ಕಡೆ ನೋಡಿದಳು.

"ಇಲ್ಲ ಮೇಡಂ. ಕ್ಷಮಿಸಿ."

"ಮನೇಲಿ ಕೂತು ಅಂಥದ್ದೇನ್ ಮಾಡ್ತಿದ್ದೀರಿ?"

"ಹಾಸಿಗೆ ಬಗ್ಗೆ ಬರೀತಿದ್ದೀನಿ," ಎಂದಳು. ಆ ಕಡೆ ಫೋನು ಇಟ್ಟ ಸದ್ದು.

ಹಗುರವೇನೂ ಆಗಲಿಲ್ಲ. ದಣಿವು ಬೆಳಿಗ್ಗೆ ಇದ್ದಷ್ಟೇ ಇತ್ತು, ಈಗ ಅದರ ಜೊತೆ ಹೆದರಿಕೆಯೂ ಸೇರಿತ್ತು. ಮುಂದಿನ ಸಾಲು ತೋಚದೆ ಅವಳು ಕೈ ಕಟ್ಟಿ ಕೂತಳು.

ಕಿಟಕಿಯಲ್ಲಿ ಅಪ್ಪನ ತಲೆಯ ಹಿಂಭಾಗ ಕಾಣುತ್ತಿತ್ತು. ಗೋಡೆಗೆ ಒರಗಿ ತೂಕಡಿಸುತ್ತಿದ್ದವನು, ಒಳಗಿನ ಸದ್ದು ನಿಂತೊಡನೆ ಎಚ್ಚರಾಗಿ ಕತ್ತೆತ್ತಿದ. ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಈ ಕಡೆಗಿತ್ತು. ಅವಳು ಕೀಲಿಮಣೆಗೆ ಕೈ ಹಚ್ಚಿದಳು, ಬಾಯಿಗೆ ಬಂದ ಯಾವುದೋ ಒಂದು ಸಾಲು. ಅಪ್ಪನ ತಲೆ ಮೆಲ್ಲಗೆ ಮತ್ತೆ ಗೋಡೆಗೆ ಒರಗಿತು.