ಹದಿನಾಲ್ಕನೇ ಪ್ರಶ್ನೆ

"ಒಂದು ಸಾಲು ಬಿಟ್ಟೆಲ್ಲವ್ವ," ಎಂದಳು ಕೊಟ್ರಮ್ಮ.

ಬ್ಯಾಂಕಿನ ಹುಡುಗಿ ಶಾಂಭವಿ ಫಾರಂ ಓದಿ ಹೇಳುತ್ತ ಹದಿಮೂರರಿಂದ ನೇರ ಹದಿನೈದಕ್ಕೆ ಹೋಗಿದ್ದಳು. ಕೊಟ್ರಮ್ಮ ಎರಡನೇ ಇಯತ್ತೆಗೇ ಸಾಲೆ ಬಿಟ್ಟವಳು. ಅಕ್ಷರ ತಡವರಿಸಿದರೂ ಅಂಕಿ ತಪ್ಪುವುದಿಲ್ಲ. ಕಂಪ್ಲಿಯಲ್ಲಿ ಇಪ್ಪತ್ತಾರು ವರ್ಷದಿಂದ ಖಾನಾವಳಿ ನಡೆಸುತ್ತಿದ್ದಾಳೆ.

"ಅದನ್ನ ಸರ್ ಆಗಲೇ ತುಂಬ್ಯಾರ್ರಿ ಅಮ್ಮ."

ಸರ್ ಅಂದರೆ ಪಕ್ಕದ ಕುರ್ಚಿಯ ಮನೋಹರ್, ಶಾಸಕ ಉಜ್ಜಿನಪ್ಪನವರ ಬಲಗೈ. ಮುಂಜಾನೆ ಕಂಪ್ಲಿಗೆ ಬಂದು, "ಸಾಹೇಬ್ರು ನಿನ್ನ ಹೆಸರಿಗೆ ಖಾತೆ ತೆಗಿಸಾಕ ಹೇಳ್ಯಾರ, ಸೀರಿ ಬದ್ಲಿ ಮಾಡ್ಕೊಂಡು ಬಾ," ಎಂದು ಹೊಸಪೇಟೆಗೆ ಕರೆತಂದಿದ್ದ. ಇಲ್ಲಿ ಕುಳಿತ ಮೇಲೆ ತಿಳಿದದ್ದು: ಸಂಡೂರಿನಿಂದ ಅದಿರು ಸಾಗಿಸುವ ಹೊಸ ಕಂಪನಿಗೆ, ಅದರ ಇಪ್ಪತ್ತು ಲಾರಿಗಳಿಗೆ, ಕೊಟ್ರಮ್ಮನೇ ಮಾಲಕಿ.

"ತುಂಬಿದ್ರೂ ಓದು. ಸಹಿ ಮಾಡಾಕಿ ನಾನಲ್ಲೇನು?"

ಶಾಂಭವಿ ಓದಿದಳು. "ನೀವು ರಾಜಕೀಯ ಅಧಿಕಾರದಲ್ಲಿರುವವರೇ? ಅಥವಾ ಅಂಥವರ ಕುಟುಂಬದವರೇ, ನಿಕಟ ಸಂಬಂಧಿಗಳೇ?" ಮುಂದೆ 'ಇಲ್ಲ' ಎಂಬಲ್ಲಿ ಗುರುತು ಬಿದ್ದಿತ್ತು.

"ಇದನ್ಯಾಕ ಕೇಳ್ತಾರ?"

"ಅಧಿಕಾರದಾಗಿರೋರ ರೊಕ್ಕ ಬ್ಯಾರೆಯವರ ಹೆಸರ್ನಾಗ ಒಳಗ ಬರಬಾರ್ದು ಅಂತ್ರಿ. ಹೌದು ಅಂದ್ರ ಫಾರಂ ಮ್ಯಾಲಿನ ಆಫೀಸಿಗೆ ಹೋಗತೈತಿ, ರೊಕ್ಕ ಎಲ್ಲಿಂದ ಬಂತು ಅಂತ ಕೇಳ್ತಾರ. ಇಲ್ಲ ಅಂದ್ರ ಖಾತೆ ಇವತ್ತೇ ಆಗತೈತಿ."

ಕೊಟ್ರಮ್ಮ ಆ 'ಇಲ್ಲ'ದ ಗುರುತನ್ನೇ ನೋಡಿದಳು. ಉಜ್ಜಿನಪ್ಪನಿಗೆ ಹೊಸಪೇಟೆಯಲ್ಲಿ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ಅಳಿಯಂದಿರಿದ್ದಾರೆ; ಕಂಪ್ಲಿಯಲ್ಲಿ ಗುಟ್ಟಾಗಿ ಇಟ್ಟುಕೊಂಡವಳು ತಾನು. ಅವರನ್ನೆಲ್ಲ ಬಿಟ್ಟು ತನ್ನ ನೆನಪೇಕೆ ಬಂತೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಈಗ ತಿಳಿಯಿತು. ಅವನಿಗೆ ಎದೆನೋವು ಬಂದು ತಾನು ಆಸ್ಪತ್ರೆಗೆ ಓಡಿದಾಗ ಇದೇ ಮನೋಹರ್ ನರ್ಸಿಗೆ, "ಅಡಿಗಿಯಾಕಿ," ಎಂದಿದ್ದ. ಉಜ್ಜಿನಪ್ಪನ ತಾಯಿ ಸತ್ತಾಗ ಹೆಣದ ಹತ್ತಿರ ಬಿಡದೆ ಓಣಿಯ ತುದಿಯಲ್ಲೇ ನಿಲ್ಲಿಸಿದ್ದರು. ಆ ಸಂಬಂಧವನ್ನು ಅಷ್ಟು ಚೆನ್ನಾಗಿ ಅಳಿಸಿಟ್ಟದ್ದರಿಂದಲೇ ಇವತ್ತು ಅವಳ ಹೆಸರು ಉಪಯೋಗಕ್ಕೆ ಬಂದಿತ್ತು.

"ಸುಳ್ಳು ಬರ್ದಾರ. ಹೌದು ಅಂತ ಮಾಡು," ಎಂದಳು.

ಮನೋಹರ್ ನಕ್ಕ. "ಬಿಸಿಲಿಗೆ ತಲಿ ತಿರುಗೈತ್ರಿ ಮೇಡಂ ಇವರಿಗೆ." ಆಮೇಲೆ ಕೊಟ್ರಮ್ಮನ ಕಿವಿಯ ಹತ್ತಿರ ಬಾಗಿದ. "ಕೊಟ್ರಕ್ಕ, ನೀ ಇರೋ ಮನಿ ಯಾರ ಹೆಸರ್ನಾಗೈತಿ, ಗೊತ್ತೈತಿಲ್ಲ?"

"ನಿಮ್ಮ ಸಾಹೇಬರ ಭಾಮೈದನ ಹೆಸರ್ನಾಗ. ಬಿಡಿಸ್ಕೋ ಅಂತ ಹೇಳು. ನನಗ ಒಂದು ಒಲಿ, ಒಂದು ಹಂಚು ಇದ್ರ ಆತು. ಗಂಗಾವತಿಯಾಗೂ ಮಂದಿ ರೊಟ್ಟಿ ತಿಂತಾರ."

"ಸಂಬಂಧ ಅಂತೀಯಲ್ಲ, ತಾಳಿ ಐತೇನು? ಕಾಗದ ಐತೇನು?"

"ಇಷ್ಟು ದಿನ ಯಾರೂ ಕೇಳಿರ್ಲಿಲ್ಲ. ಇವತ್ತು ಕಾಗದಾನ ಕೇಳಾಕತ್ತೈತಿ. ಹೇಳಬ್ಯಾಡೇನು?"

"ಫಾರಂ ಇತ್ತ ಕೊಡ್ರಿ ಮೇಡಂ. ಮ್ಯಾನೇಜರು ನಮಗ ಬೇಕಾದವರು."

ಕೊಟ್ರಮ್ಮ ಫಾರಂ ಮೇಲೆ ಅಂಗೈ ಊರಿದಳು. ಹಂಚಿನ ಕಾವಿಗೆ ಬೆಂದು ಬೆಂದು ಗಡಸಾದ ಅಂಗೈ. "ಕರೀ ಅವರನ್ನೂ. ಅವರ ಮುಂದೂ ಇದನ್ನ ಹೇಳ್ತೀನಿ."

ಶಾಂಭವಿ ಇಬ್ಬರ ಮುಖವನ್ನೂ ನೋಡಿದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. "ಅರ್ಜಿ ಅಮ್ಮಾರದು ಸರ್. ಅವರು ಹೇಳಿದ್ದನ್ನ ಬರೀಬೇಕಾಗತೈತಿ," ಎಂದಳು. 'ಇಲ್ಲ'ದ ಮೇಲೆ ಗೀಟು ಎಳೆದು 'ಹೌದು' ಎಂಬಲ್ಲಿ ಗುರುತು ಹಾಕಿದಳು. "ಯಾರ ಸಂಬಂಧ, ಹೆಸರು ಹೇಳ್ರಿ ಅಮ್ಮ."

ಮಂದಿಯ ಮುಂದೆ 'ಸಾಹೇಬ್ರು', ಮನೆಯೊಳಗೆ 'ಇವರು'. ಆ ಹೆಸರನ್ನು ಕೊಟ್ರಮ್ಮನ ನಾಲಿಗೆ ಒಂದು ದಿನವೂ ಆಡಿರಲಿಲ್ಲ.

ಮನೋಹರನಿಗೆ ಅದು ಗೊತ್ತಿತ್ತು. ಕುರ್ಚಿಗೆ ಒರಗಿದ. "ಹೇಳು ಮತ್ತ. ಹೆಸರು ಹೇಳಾಕ ಬಾಯಿಲ್ಲ, ಸಂಬಂಧ ಹೇಳಾಕ ಬಂದಾಳ."

"ಗಂಡನ ಹೆಸರು ಬಾಯಿಲೆ ಹೇಳಂಗಿಲ್ಲವ್ವ," ಎಂದಳು ಕೊಟ್ರಮ್ಮ, ಶಾಂಭವಿಗೆ. "ಪೆನ್ನು ಕೊಡು ಇಲ್ಲೆ."

ಅವಳಿಗೆ ಬರುವ ಅಕ್ಷರಗಳು ಕಡಿಮೆ. ಆದರೆ ಐದು ಚುನಾವಣೆಗಳಲ್ಲಿ ಪೇಂಟರುಗಳು ಖಾನಾವಳಿಯ ಎದುರು ಗೋಡೆಗೆ ಆಳೆತ್ತರ ಬರೆದು ಹೋದ ಆ ಹೆಸರಿನ ಅಕ್ಷರಗಳಿದ್ದವು. ರೊಟ್ಟಿ ಬಡಿಯುತ್ತ ಬಡಿಯುತ್ತ ಅವನ್ನು ಕಣ್ಣಲ್ಲೇ ತಿದ್ದಿದ್ದಳು. ಬಾಗಿ ಬರೆಯತೊಡಗಿದಳು. ಬ್ರಷ್ಷಿನ ಬರಹದಂತೆ ದಪ್ಪ, ದುಂಡು. ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯಿತು.

ಮನೋಹರ್ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಕೊಟ್ರಮ್ಮ ತಲೆ ಎತ್ತಲಿಲ್ಲ. ಇನ್ನೂ ಒಂದು ಅಕ್ಷರ ಬಾಕಿಯಿತ್ತು. ಫ್ಯಾನಿನ ಗಾಳಿಗೆ ಏಳುತ್ತಿದ್ದ ಫಾರಂ ಅಂಚನ್ನು ಶಾಂಭವಿ ಎರಡು ಬೆರಳಿನಿಂದ ಒತ್ತಿ ಹಿಡಿದುಕೊಂಡಳು.